ಬ್ರೆಂಡಾ ಬಾಯಿಯ ಕೊನೆಯ ಸುತ್ತು

ಇಂದಿನ ಸಭೆಯ ಅಧ್ಯಕ್ಷರೂ, ನಮ್ಮ ಬಳಗವನ್ನು ತಾಯಿಯಂತೆ ಗದರುತ್ತಲೇ ನಡೆಸುತ್ತಿರುವವರೂ ಆದ ಶ್ರೀಮತಿ ಫ್ರೀಡಾ ಅವರೇ, ಊರಿನಿಂದ ಬಂದು ವೇದಿಕೆಯ ಶೋಭೆಯನ್ನು ಹೆಚ್ಚಿಸಿರುವ ಮುಖ್ಯ ಅತಿಥಿಗಳೇ, ಸನ್ಮಾನ ಬೇಡವೇ ಬೇಡ ಎಂದು ಹಟ ಹಿಡಿದು ಕೊನೆಗೆ ನಮ್ಮೆಲ್ಲರ ಕಾಟ ತಡೆಯಲಾರದೆ ಒಪ್ಪಿಕೊಂಡ ಕ್ಯಾಪ್ಟನ್ ಬ್ರೆಂಡಾ ಅವರೇ, ಸಮಿತಿಯ ಮಿತ್ರರೇ, ಈ ಕತಾರಿನ ಮೂಲೆಮೂಲೆಗಳಿಂದ, ಅಲ್ ವುಕೈರ್‌ನಿಂದ, ಉಮ್ಮ್ ಸಲಾಲ್‌ನಿಂದ, ರಾಸ್ ಲಫಾನಿನ ಗ್ಯಾಸ್ ಸ್ಥಾವರದ ಶಿಫ್ಟು ಮುಗಿಸಿ ನಿದ್ದೆಗಣ್ಣಿನಿಂದ ಬಂದು, ಊಟದ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ತಾಳ್ಮೆಯಿಂದ ಕುಳಿತಿರುವ ಪ್ರೀತಿಯ ಸಭಿಕರೇ,

ನಾನು ಯಜ್ಞೇಶ್. ಬರೀ ಯಜ್ಞೇಶ್ ಎಂದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ, ಎಸಿ ಯಜ್ಞೇಶ್ ಎಂದರೆ ಸಿಗುತ್ತದೆ. ಈ ಸಭಾಂಗಣದಲ್ಲಿ ಕುಳಿತ ಅರ್ಧ ಜನರ ಮನೆಯ ಎಸಿಯನ್ನು ನಾನೇ ಕೂರಿಸಿದ್ದೇನೆ, ಉಳಿದರ್ಧ ಜನರ ಮನೆಯದ್ದನ್ನು ನಾನೇ ಬಿಚ್ಚಿದ್ದೇನೆ. ಅಭಿನಂದನೆಯ ಮಾತು ನೀನೇ ಆಡಬೇಕು ಎಂದು ಫ್ರೀಡಾ ಮೇಡಂ ಅಪ್ಪಣೆ ಮಾಡಿದಾಗ, ಹತ್ತು ನಿಮಿಷ ಕೊಡಿ ಎಂದೆ. ಐದು ಎಂದರು. ಕಾರ್ಯಕ್ರಮ ನಿರ್ವಾಹಕ ಡ್ಯಾರೆಲ್ ಈಗಲೇ ಗಡಿಯಾರ ನೋಡುತ್ತಿದ್ದಾನೆ. ನೋಡಲಿ, ಗಡಿಯಾರ ಇರುವುದೇ ನೋಡಲಿಕ್ಕೆ.

ನಿಮ್ಮಲ್ಲಿ ಹೆಚ್ಚಿನವರ ಕಣ್ಣು ನನ್ನ ಮೇಲಿಲ್ಲ, ನನ್ನ ಬೆನ್ನ ಹಿಂದಿನ ಬಿಳಿ ಪರದೆಯ ಮೇಲಿದೆ ಎಂಬುದು ನನಗೆ ಗೊತ್ತು. 'ಕ್ಯಾಪ್ಟನ್ ಬ್ರೆಂಡಾ ಅವರ ಕೊನೆಯ ಹಾರಾಟದ ವಿಡಿಯೋ ಪ್ರದರ್ಶನ' ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಪರದೆ ಮಾತ್ರ ಖಾಲಿ. ಡ್ಯಾರೆಲ್‌ನ ಲ್ಯಾಪ್‌ಟಾಪ್ ಕೆಟ್ಟಿದೆಯಂತೆ ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳಿಸಿತು. ಪಾಪ, ಅವನ ಲ್ಯಾಪ್‌ಟಾಪ್ ಗಟ್ಟಿಮುಟ್ಟಾಗಿದೆ. ಪರದೆ ಯಾಕೆ ಖಾಲಿ ಎಂಬುದನ್ನು ಹೇಳಲಿಕ್ಕೇ ನಾನು ಇಲ್ಲಿ ನಿಂತಿದ್ದೇನೆ, ಆದರೆ ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಸಭಿಕರೇ, ಸನ್ಮಾನ ಎಂದರೇನು? ಒಬ್ಬರು ಏನು ಮಾಡಿದರು ಎಂದು ಹೇಳಿ ಶಾಲು ಹೊದೆಸುವುದು. ಎಷ್ಟು ಕಟ್ಟಡ ಕಟ್ಟಿಸಿದರು, ಎಷ್ಟು ಬಾರಿ ರಕ್ತದಾನ ಮಾಡಿದರು, ಎಷ್ಟು ಯಕ್ಷಗಾನ ಆಡಿಸಿದರು. ನಾನು ಇವತ್ತು ಬ್ರೆಂಡಾ ಬಾಯಿಯನ್ನು ಹೊಗಳುವುದು ಅವರು ಮಾಡದೆ ಬಿಟ್ಟದ್ದಕ್ಕೆ. ಬಾಯಿ ಎನ್ನುತ್ತಿದ್ದೇನೆ, ಕ್ಷಮಿಸಿ, ವೇದಿಕೆಯ ಮೇಲೆ ಕ್ಯಾಪ್ಟನ್ ಎನ್ನಬೇಕು. ನಮ್ಮ ಕಡೆ ಇಗರ್ಜಿಯ ಬದಿಯ ಮನೆಯ ಹೆಂಗಸರನ್ನು ನಾವು ಚಿಕ್ಕಂದಿನಿಂದ ಬಾಯಿ ಎಂದೇ ಕರೆದವರು. ಕಿನ್ನಿಗೋಳಿಯವರಾದ ಇವರೂ ನನ್ನನ್ನು ಅಣ್ಣ ಎನ್ನುತ್ತಾರೆ. ಹಾಗಾಗಿ ಹಾಗೇ ಇರಲಿ.

ಇವರು ಹಾರಿಸುತ್ತಿದ್ದದ್ದು ನಾವು ಊರಿಗೆ ಹೋಗುವ ದೊಡ್ಡ ವಿಮಾನವಲ್ಲ. ಉತ್ತರದಲ್ಲಿ ಸಮುದ್ರದ ಹತ್ತಿರ ಒಂದು ಫ್ಲೈಯಿಂಗ್ ಕ್ಲಬ್ ಇದೆ. ಅಲ್ಲಿ ಇಬ್ಬರೇ ಕೂರುವ ಪುಟ್ಟ ವಿಮಾನಗಳು. ನನ್ನ ಸರ್ವಿಸ್ ವ್ಯಾನಿಗಿಂತ ಹಗುರ. ಬಾಗಿಲು ಹಾಕಿದರೆ ತಿಂಡಿ ಡಬ್ಬದ ಮುಚ್ಚಳ ಹಾಕಿದ ಸದ್ದು. ಅದರೊಳಗೆ ಕುಳಿತು ಇವರು ವರ್ಷಾನುಗಟ್ಟಲೆ ಎಷ್ಟೋ ದೇಶದ ಮಕ್ಕಳಿಗೆ ಹಾರಲು ಕಲಿಸಿದರು. ಅವರಲ್ಲಿ ಒಬ್ಬಳು ನನ್ನ ಮಗಳು ಯಶ್ಮಿತಾ. ಅಲ್ಲಿ ಹಿಂದೆ ತಲೆ ತಗ್ಗಿಸಿ ಕುಳಿತಿದ್ದಾಳೆ. ತಲೆ ಎತ್ತು ಮಗಾ, ಇವತ್ತು ತಗ್ಗಿಸುವ ದಿನವಲ್ಲ.

ಯಶ್ಮಿತಾ ಹುಟ್ಟಿದ್ದು ದೋಹಾದಲ್ಲಿ. ಅವಳ ಕನ್ನಡ ನಮ್ಮ ಕೆಳಮನೆಯ ಮಲಯಾಳಿಯ ಕನ್ನಡಕ್ಕಿಂತ ಸ್ವಲ್ಪ ವಾಸಿ. ಶಾಲೆ ಮುಗಿದ ವರ್ಷ ಅವಳು 'ಪಪ್ಪಾ, ನಾನು ಫ್ಲೈಯಿಂಗ್ ಕಲೀತೇನೆ' ಎಂದಳು. ಅವಳ ತಾಯಿ ವಸಂತಿ ಬೇಡವೇ ಬೇಡ ಎಂದಳು. ನಾನು? ನಾನು ಮೊದಲ ಕ್ಲಾಸು ಮುಗಿಯುವ ಮೊದಲೇ 'ನನ್ನ ಮಗಳು ಪೈಲಟ್' ಎಂದು ಊರಿಡೀ ಹೇಳಿಕೊಂಡು ಬಂದೆ. ಸುಮ್ಮನೆ ಹೇಳುವುದಲ್ಲ, ಗ್ರಾಹಕರ ಮನೆಯಲ್ಲಿ ಏಣಿ ಹತ್ತಿ ಎಸಿಯ ಫಿಲ್ಟರ್ ತೆಗೆಯುತ್ತಲೂ ಹೇಳುತ್ತಿದ್ದೆ. ಏಣಿಯ ಮೇಲೆ ನಿಂತಿರುವ ಅಪ್ಪನಿಗೆ ಮಗಳು ಆಕಾಶದಲ್ಲಿದ್ದಾಳೆ ಎಂದು ಹೇಳುವಾಗ ಎಷ್ಟು ಸಂತೋಷ ಎಂಬುದು ಏಣಿ ಹತ್ತಿದವನಿಗೇ ಗೊತ್ತು.

ಈ ವಿದ್ಯೆಯಲ್ಲಿ ಒಂದು ದೊಡ್ಡ ದಿನ ಉಂಟು. ಗುರು ವಿಮಾನದಿಂದ ಇಳಿದು, ಶಿಷ್ಯೆ ಮೊದಲ ಬಾರಿ ಒಬ್ಬಳೇ ಒಂದು ಸುತ್ತು ಹಾಕಿ ಬರುವ ದಿನ. ಬ್ರೆಂಡಾ ಬಾಯಿಯ ಪದ್ಧತಿಯಲ್ಲಿ ಆ ದಿನವನ್ನು ಯಾರಿಗೂ ಮೊದಲು ಹೇಳುವುದಿಲ್ಲ. ಹವೆ ನೋಡಿ, ಹುಡುಗಿಯ ಕೈ ನೋಡಿ, ಒಂದು ದಿನ ಸುಮ್ಮನೆ ಬಾಗಿಲು ತೆರೆದು ಇಳಿದು 'ಹೋಗಿ ಬಾ' ಎನ್ನುತ್ತಾರೆ. ಆದರೆ ನಾವು ಕರಾವಳಿಯವರು. ಹೊಸ ಮಿಕ್ಸಿ ತಂದರೂ ಕುಂಕುಮ ಹಚ್ಚದೆ ಚಟ್ನಿ ಅರೆಯದವರು. ಮಗಳು ಆಕಾಶಕ್ಕೆ ಹಾರುವುದಕ್ಕೆ ಮುಹೂರ್ತ ಇಲ್ಲದಿದ್ದರೆ ಹೇಗೆ?

ಊರಿನ ಭಟ್ಟರಿಗೆ ಫೋನು ಮಾಡಿದೆ. 'ಯಾವ ವಾಹನ?' ಎಂದರು. 'ವಿಮಾನ' ಎಂದೆ. ಪಂಚಾಂಗದ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ 'ಸ್ವಂತದ್ದಾ?' ಎಂದು ಕೇಳಿದರು. ಅಂತೂ ಜನವರಿಯ ಒಂದು ಶುಕ್ರವಾರ, ಕುಂಭ ಲಗ್ನ, ಪ್ರಶಸ್ತ ಎಂದು ಇಟ್ಟುಕೊಟ್ಟರು. ನಾನು ಬ್ರೆಂಡಾ ಬಾಯಿಯ ಬೆನ್ನು ಬಿದ್ದೆ. 'ಹವೆ ಒಪ್ಪಿದರೆ ನೋಡುವ ಅಣ್ಣ' ಎಂದರು. ನನಗೆ 'ನೋಡುವ' ಎಂಬುದು ಮಾತ್ರ ಕೇಳಿಸಿತು.

ಆ ಶುಕ್ರವಾರ, ಮೂರು ಚಳಿಗಾಲದ ಹಿಂದೆ, ಈ ಸಭೆಯಲ್ಲಿರುವ ನಿಮ್ಮಲ್ಲೇ ಅನೇಕರು ನನ್ನೊಂದಿಗೆ ಅಲ್ಲಿದ್ದಿರಿ. ಲೀಲಾಕ್ಷಿ ಅಕ್ಕ ಮುಂಜಾನೆ ಎದ್ದು ಬನ್ಸು ಕರಿದು ತಂದಿದ್ದರು. ಶಂಕರಪುರದ ಮಲ್ಲಿಗೆ ಹಿಂದಿನ ದಿನವೇ ಊರಿಂದ ವಿಮಾನದಲ್ಲಿ ಬಂದಿತ್ತು, ವಸಂತಿ ಅದನ್ನು ಕಟ್ಟಿ ಮಾರುದ್ದದ ಮಾಲೆ ಮಾಡಿದ್ದಳು. ನಾನು ಬ್ಯಾನರ್ ಮಾಡಿಸಿದ್ದೆ. 'ಕತಾರಿನ ಆಕಾಶದಲ್ಲಿ ಕರಾವಳಿಯ ಕುವರಿ.' ಆ ಬ್ಯಾನರನ್ನು ಈಗ ನಮ್ಮ ಮನೆಯ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಮೇಲೆ ಧೂಳಿಗೆ ಹೊದೆಸಿದ್ದೇವೆ, ಅದು ಬೇರೆ ವಿಷಯ.

ದಾರಿಯಲ್ಲಿ ಮಂಜು. ನಮಗೆ ಅದೇ ಒಂದು ಸಂಭ್ರಮ. ಈ ದೇಶದಲ್ಲಿ ಸ್ವೆಟರು ಹಾಕುವ ಭಾಗ್ಯ ಎಷ್ಟು ದಿನ? ಕಾರಿನ ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು, ವೈಪರ್ ಹಾಕಿಕೊಂಡೇ ಹೋದೆವು. ಕ್ಲಬ್ಬಿಗೆ ಮುಟ್ಟುವಾಗ ಮಂಜು ಹರಿದು ಆಕಾಶ ನೀಲಿಯಾಗಿತ್ತು. ನೋಡಿ, ಲಗ್ನದ ಗುಣ ಎಂದೆ ನಾನು. ಬ್ರೆಂಡಾ ಬಾಯಿ ವಿಮಾನದ ರೆಕ್ಕೆಯ ಮೇಲೆ ಬೆರಳು ಎಳೆದು, ಒದ್ದೆಯಾದ ಬೆರಳನ್ನು ನೋಡಿದರು. ಕರ್ಪೂರ ತೆಗೆದೆ. 'ಬೇಡ ಅಣ್ಣ, ಇಲ್ಲಿ ಪೆಟ್ರೋಲ್ ಉಂಟು' ಎಂದರು. ತೆಂಗಿನಕಾಯಿ ತೆಗೆದೆ. 'ಅದೂ ಬೇಡ, ಚೂರು ಬಿದ್ರೆ ಟಯರಿಗೆ ಕಷ್ಟ' ಎಂದರು. ಕೊನೆಗೆ ಮಾಲೆಯನ್ನು ಪ್ರೊಪೆಲ್ಲರಿಗೆ ಹಾಕಿ, ಕೈಮುಗಿದು, ಇಂಜಿನ್ ಚಾಲೂ ಮಾಡುವ ಮೊದಲು ತೆಗೆಯಲಿಕ್ಕೆ ಒಪ್ಪಿಗೆ ಸಿಕ್ಕಿತು.

ಮೊದಲು ಗುರುಶಿಷ್ಯೆ ಜೊತೆಯಾಗಿ ಒಂದು ಸುತ್ತು. ಅದು ಸರಿಯಾದರೆ ಆಮೇಲೆ ಅವಳೊಬ್ಬಳೇ. ಹೋದರು, ತಿರುಗಿದರು, ಇಳಿಯಲು ಬಂದರು. ಬರುತ್ತಿರುವಾಗ ಇಂಜಿನ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಸದ್ದು ಅಡಗಿ, ವಿಮಾನ ಹಕ್ಕಿಯಂತೆ ಮೌನವಾಗಿ ಬಂತು. ಎಷ್ಟು ಚಂದ ಕಂಡಿತು ಗೊತ್ತೇ? ನಾವು ಚಪ್ಪಾಳೆ ತಟ್ಟಿದೆವು. ಊರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಚಕ್ರ ನೆಲಕ್ಕೆ ಮುಟ್ಟಿದಾಗ ತಟ್ಟುತ್ತೇವಲ್ಲ, ಅದೇ ಅಭ್ಯಾಸ. ಇಲ್ಲೇ ಮುಂದಿನ ಸಾಲಿನಲ್ಲಿರುವ ರಾಸ್ ಲಫಾನಿನ ಝೇವಿಯರ್ ಮೊದಲು ಶುರು ಮಾಡಿದ್ದು. ಅಲ್ಲ, ಝೇವಿಯರ್ ತಲೆ ಆಡಿಸುತ್ತಿದ್ದಾನೆ. ಸರಿ, ನಾನೇ ಮೊದಲು. ಅದೀಗ ಮುಖ್ಯವಲ್ಲ. ಅಷ್ಟರಲ್ಲಿ ಇಂಜಿನ್ ಮತ್ತೆ ಗುರ್ರೆಂದಿತು, ವಿಮಾನ ಇಳಿಯಿತು.

ಬ್ರೆಂಡಾ ಬಾಯಿ ಇಳಿದು ನೇರ ನನ್ನ ಹತ್ತಿರ ಬಂದರು. 'ಅಣ್ಣ, ಒಳಗೆ ಐಸ್ ಕಟ್ಟಿತ್ತು' ಎಂದರು.

ನಾನು ನಕ್ಕೆ. ಎಲ್ಲರ ಎದುರಿಗೆ, ಗಟ್ಟಿಯಾಗಿ. 'ಎಂತ ಮಾರಾಯ್ರೆ, ಕತಾರಿನಲ್ಲಿ ಐಸಾ? ಇಲ್ಲಿ ಫ್ರಿಜ್ಜಿನೊಳಗೇ ಐಸ್ ನಿಲ್ಲುದಿಲ್ಲ' ಎಂದೆ.

ಅವರು ನಗಲಿಲ್ಲ. 'ನೀವು ಎಸಿಯವರಲ್ವಾ?' ಎಂದು ಮಾತ್ರ ಕೇಳಿದರು. ಆಮೇಲೆ ವಿವರಿಸಿದರು. ನಿಮಗೂ ತಿಳಿಯಲಿ. ನಮ್ಮ ಹಳೇ ಸ್ಕೂಟರಿನಲ್ಲಿದ್ದಂತೆ ಈ ಪುಟ್ಟ ವಿಮಾನದ ಇಂಜಿನಿಗೂ ಒಂದು ಕಾರ್ಬೊರೇಟರ್ ಉಂಟು. ಗಾಳಿ ಮತ್ತು ಪೆಟ್ರೋಲು ಬೆರೆಯುವ ಗಂಟಲು ಅದು. ಪೆಟ್ರೋಲು ಆವಿಯಾಗುವಾಗ ಗಂಟಲು ತಣ್ಣಗಾಗುತ್ತದೆ. ಚಳಿಗಾಲದಲ್ಲಿ ಸಮುದ್ರದ ಪಸೆ ತುಂಬಿದ ಗಾಳಿ ಅದರೊಳಗೆ ಹೋದರೆ, ಹೊರಗೆ ನಾವು ಸ್ವೆಟರು ಹಾಕಿ ಚಹಾ ಕುಡಿಯುವಷ್ಟೇ ಚಳಿ ಇದ್ದರೂ, ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಗಂಟಲು ಕಟ್ಟಿದರೆ ಇಂಜಿನಿಗೆ ಉಸಿರಿಲ್ಲ. ಅದನ್ನು ಕರಗಿಸಲು ಬಿಸಿಗಾಳಿ ಬಿಡುವ ಒಂದು ಹಿಡಿಕೆ ಇದೆ, ಇಳಿಯುವ ಮೊದಲೇ ಎಳೆಯಬೇಕು. ಯಶ್ಮಿತಾ ಎಳೆಯುವುದು ಸ್ವಲ್ಪ ತಡವಾಗಿತ್ತು. ಬದಿಯ ಸೀಟಿನಿಂದ ಇವರೇ ಕೈ ಚಾಚಿ ಎಳೆದಿದ್ದರು.

ಗ್ಯಾಸ್ ಕಡಿಮೆಯಾದ ಎಸಿಯ ಕಾಯಿಲ್ ಮೇಲೆ, ಸುಡುವ ಆಗಸ್ಟ್ ತಿಂಗಳಲ್ಲೂ ಬೆರಳು ದಪ್ಪ ಐಸ್ ಕಟ್ಟುವುದನ್ನು ನನ್ನಷ್ಟು ಕಂಡವರು ಈ ದೋಹಾದಲ್ಲಿ ಎಷ್ಟು ಜನ? ನಿಮ್ಮ ನಿಮ್ಮ ಮನೆಗಳಲ್ಲೇ ಬಿಸಿನೀರು ಹೊಯ್ದು ಕರಗಿಸಿದ್ದೇನೆ. ನನ್ನ ಅನ್ನವೇ ಅದು. ಅದನ್ನೇ ಯಾರೋ ಹೇಳಿದಾಗ ನಾನು ನಕ್ಕೆ. ಅಂದರೆ ಸಭಿಕರೇ, ನಾವು ಚಪ್ಪಾಳೆ ತಟ್ಟಿದ್ದು ಇಂಜಿನ್ ಉಸಿರು ಕಟ್ಟುತ್ತಿರುವಾಗ. ಅದರೊಳಗೆ ನನ್ನ...

ಒಂದು ನಿಮಿಷ, ನೀರು ಕುಡಿಯುತ್ತೇನೆ.

ಎಲ್ಲಿಗೆ ಬಂದೆ? ಹಾಂ, ಬ್ರೆಂಡಾ ಬಾಯಿ. ಅವರು 'ಇವತ್ತು ಆಗುದಿಲ್ಲ' ಎಂದು ಅಲ್ಲೇ ಮುಗಿಸಬಹುದಿತ್ತು, ಮುಗಿಸಲಿಲ್ಲ. ಯಶ್ಮಿತಾಳನ್ನು ಕರೆದು, ಬ್ಯಾನರು, ಬನ್ಸು, ಇಷ್ಟು ಜನ, ಇವೆಲ್ಲದರ ಎದುರಿಗೆ ನಿಲ್ಲಿಸಿ, 'ನೀನು ಹೇಳು. ಒಬ್ಬಳೇ ಹೋಗ್ತೀಯಾ?' ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ಲಗ್ನ ಮೀರುತ್ತಿತ್ತು. ಐಸಿನ ಪಾಠ ಕೇಳಿ ಆಗಿತ್ತಲ್ಲ, ಆದರೂ ನನ್ನ ತಲೆ ಹೌದು ಎಂಬಂತೆ ಅಲ್ಲಾಡಿತು. ತಲೆ ಕೆಲವೊಮ್ಮೆ ಮನುಷ್ಯನನ್ನು ಕೇಳುವುದಿಲ್ಲ.

ಅವಳು ಮತ್ತೊಮ್ಮೆ ರೆಕ್ಕೆಯನ್ನು ಮುಟ್ಟಿ ನೋಡಿದಳು. ಆಮೇಲೆ 'ಪಪ್ಪಾ, ಸಾರಿ. ಇವತ್ತು ನಾನು ಹೋಗುದಿಲ್ಲ' ಎಂದಳು.

ನಾನು ಕಾರಿನಲ್ಲಿ ಹೋಗಿ ಕುಳಿತು ಎಸಿ ಹಾಕಿದೆ. ಚಳಿಯಲ್ಲಿ ಎಸಿ ಯಾಕೆ ಎಂದು ಕೇಳಬೇಡಿ. ವಸಂತಿ ಬಂದು ಬಾಗಿಲು ತೆರೆದಳು. 'ಅವಳು ನೆಲದ ಮೇಲೆ ಉಂಟು. ನಿಮಗೆ ಅಷ್ಟು ಸಾಲದಾ?' ಎಂದಳು. ನಾನು ಎಸಿ ಆರಿಸಿದೆ. ಕಾರಿನ ಗಾಜಿನಿಂದ ನೋಡಿದೆ. ಬ್ರೆಂಡಾ ಬಾಯಿ ಪ್ರೊಪೆಲ್ಲರಿಗೆ ಹಾಕಿ ತೆಗೆದಿದ್ದ ಆ ಮಲ್ಲಿಗೆ ಮಾಲೆಯನ್ನು ಬೆಂಚಿನ ಮೇಲಿಂದ ಎತ್ತಿ, ನನ್ನ ಮಗಳ ಕೊರಳಿಗೆ ಹಾಕುತ್ತಿದ್ದರು. ಹಾರಿದವಳಿಗಲ್ಲ. ಹಾರುವುದಿಲ್ಲ ಎಂದವಳಿಗೆ.

ಎಷ್ಟೋ ದಿನದ ಮೇಲೆ ನಾನು ಕೇಳಿದೆ, 'ಬಾಯಿ, ಅವಳು ಹೌದು ಅಂದಿದ್ರೆ ಎಂತ ಮಾಡ್ತಿದ್ರಿ?' ಅವರು ನಕ್ಕು, 'ಕೀ ನನ್ನ ಕಿಸೆಯಲ್ಲಿತ್ತು ಅಣ್ಣ. ಆದ್ರೆ ಅವಳು ಹೌದು ಅಂದಿದ್ರೆ, ಮುಂದೆ ಯಾವತ್ತೂ ಅವಳಿಗೆ ಕೀ ಕೊಡ್ಲಿಕ್ಕೆ ನನಗೆ ಧೈರ್ಯ ಬರ್ತಿರ್ಲಿಲ್ಲ' ಎಂದರು. ಇದಲ್ಲವೇ ಗುರು ಎಂದರೆ? ಹಾರಲು ಕಲಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ತುಂಬಿದ ಸಭೆಯ ಎದುರು, ಹೆತ್ತ ಅಪ್ಪನ ಮುಖ ನೋಡಿಕೊಂಡು, ಬೇಡ ಎನ್ನಲು ಕಲಿಸುವವರು ಎಷ್ಟು ಜನ ಸಿಗುತ್ತಾರೆ?

ಆಮೇಲೆ ಅವಳು ಒಬ್ಬಳೇ ಹಾರಿದ್ದು ಯಾವಾಗ ಎಂದು ಕೇಳುತ್ತೀರಾ? ಅದೇ ಚಳಿಗಾಲ ಮುಗಿಯುವ ಹೊತ್ತಿಗೆ, ಶಮಾಲ್ ಎಂಬ ಒಣ ಮರಳುಗಾಳಿ ಬೀಸಿ ನಿಂತು, ಹವೆ ಒಣಗಿದ ಒಂದು ಮಧ್ಯಾಹ್ನ. ಯಾರಿಗೂ ಗೊತ್ತಿಲ್ಲ. ಬ್ಯಾನರಿಲ್ಲ, ಬನ್ಸಿಲ್ಲ. ನಾನು ಅಲ್ ವುಕೈರ್‌ನ ಒಂದು ಕಟ್ಟಡದ ಟೆರೇಸಿನಲ್ಲಿ ಕಂಪ್ರೆಸರ್ ಬಿಚ್ಚುತ್ತಿದ್ದೆ. ಫೋನು ಬಂತು. 'ಪಪ್ಪಾ, ಹೋಗಿ ಬಂದೆ.' ಅಷ್ಟೇ. ಆ ಕಟ್ಟಡದ ವಾಚ್‌ಮನ್ ಪಾಕಿಸ್ತಾನದವನು, ನಾನು ಅಳುವುದನ್ನು ಕಂಡು ಊರಲ್ಲಿ ಯಾರೋ ತೀರಿಕೊಂಡರು ಎಂದು ನೀರು ತಂದುಕೊಟ್ಟ. ರಾತ್ರಿ ಮನೆಗೆ ಬಂದು ಪಂಚಾಂಗ ನೋಡಿದೆ. ಮಂಗಳವಾರ. ಸರಿಯಾಗಿ ರಾಹುಕಾಲ. ಭಟ್ಟರಿಗೆ ನಾನು ಈವರೆಗೂ ಹೇಳಿಲ್ಲ, ನೀವೂ ಹೇಳಬೇಡಿ.

ಡ್ಯಾರೆಲ್ ಚೀಟಿ ಕಳಿಸಿದ್ದಾನೆ. ಚೀಟಿಯಲ್ಲಿ 'ಅಂಕಲ್, ಯಲ್ಲಾ, ಬೇಗ ಮುಗಿಸಿ' ಎಂದಿದೆ. ಬಂದೆ ಮಗನೇ, ಈಗ ಆ ಪರದೆಯ ವಿಷಯಕ್ಕೇ ಬಂದೆ.

ಬ್ರೆಂಡಾ ಬಾಯಿ ನಾಳೆ ಬೆಳಗಿನ ವಿಮಾನದಲ್ಲೇ ಊರಿಗೆ ಹೊರಡುತ್ತಾರೆ, ಇನ್ನು ತಿರುಗಿ ಬರುವುದಿಲ್ಲ. ಅವರ ಒಂದು ಕಣ್ಣಿನ ದೃಷ್ಟಿ ಮಂದವಾಗುತ್ತಿದೆ. ಈ ತಿಂಗಳು ಕಳೆದರೆ ವೈದ್ಯರ ಸರ್ಟಿಫಿಕೇಟು ಸಿಗುವುದಿಲ್ಲ, ಅದಿಲ್ಲದೆ ಪೈಲಟ್ ಪೈಲಟಲ್ಲ. ಅವರ ಕೊನೆಯ ಹಾರಾಟ ಇವತ್ತು ಬೆಳಿಗ್ಗೆ ಎಂದು ನಿಶ್ಚಯವಾಗಿತ್ತು, ಕ್ಲಬ್ಬಿನಲ್ಲಿ ವಿಮಾನ ಸಿಕ್ಕಿದ್ದೂ ಆ ಹೊತ್ತಿಗೆ ಮಾತ್ರ. ಅವರದ್ದೇ ಆಸೆ, ವಿಮಾನ ಹಾರಿಸುವವಳು ಯಶ್ಮಿತಾ ಆಗಬೇಕು, ತಾನು ಬದಿಯಲ್ಲಿ ಸುಮ್ಮನೆ ಕೂರಬೇಕು, ಸಮುದ್ರವನ್ನು ಮೇಲಿಂದ ಒಮ್ಮೆ ನೋಡಬೇಕು ಎಂದು. ಯಶ್ಮಿತಾಳಿಗೆ ಈಗ ಲೈಸೆನ್ಸ್ ಇದೆ. ಝೇವಿಯರ್ ಕ್ಯಾಮೆರಾ ತಂದಿದ್ದ. ನಾನು ಮಲ್ಲಿಗೆ ಮಾಲೆ ತಂದಿದ್ದೆ.

ಬೆಳಿಗ್ಗೆ ಎಂಥ ಮಂಜಿತ್ತು ಎಂಬುದು ನಿಮಗೆಲ್ಲ ಗೊತ್ತು. ರಾಸ್ ಲಫಾನಿನ ಬಸ್ಸು ಲೈಟು ಮಿಣುಕಿಸುತ್ತಾ ಆಮೆಯಂತೆ ಬಂತು ಎಂದು ಝೇವಿಯರೇ ಹೇಳಿದ. ಕಾದೆವು. ಮಂಜು ಹರಿಯಿತು, ಬಿಸಿಲು ಬಂತು, ಆಕಾಶ ಮತ್ತೆ ಅದೇ ನೀಲಿ. ಇಬ್ಬರೂ ಹತ್ತಿ ಕುಳಿತರು. ಇಂಜಿನ್ ಶುರುವಾಯಿತು. ನೆಲದಲ್ಲೇ ಪರೀಕ್ಷೆ ಮಾಡುತ್ತಾ ಯಶ್ಮಿತಾ ಬಿಸಿಗಾಳಿಯ ಹಿಡಿಕೆ ಎಳೆದಳು. ಸದ್ದು ಕುಗ್ಗಿತು, ತೊದಲಿತು, ಆಮೇಲೆ ಏರಿತು. ಹಾಗೆ ತೊದಲಿ ಏರಿದರೆ ಗಂಟಲಲ್ಲಿ ಐಸ್ ಕಟ್ಟಿತ್ತು, ಈಗ ಕರಗಿತು ಎಂದು ಅರ್ಥ. ನೆಲದಲ್ಲೇ ಕಟ್ಟಿದ್ದು ಮೇಲೆ ಹೋದರೆ ಮತ್ತೆ ಕಟ್ಟಬಹುದು. ಈ ಸಲ ಅದು ನನಗೂ ಕೇಳಿಸಿತು. ನನ್ನ ಎರಡೂ ಕೈ ಮಾಲೆಯನ್ನು ಗಟ್ಟಿಯಾಗಿ ಹಿಡಿದಿದ್ದವು.

ಅವಳು ಇಂಜಿನ್ ಆರಿಸಿ ಬಾಗಿಲು ತೆರೆದಳು. ಒಳಗಿನ ಮಾತು ನಮಗೆ ಕೇಳಿಸುತ್ತಿತ್ತು.

'ಒಂದೇ ಸುತ್ತು ಮಗಾ' ಎಂದರು ಬ್ರೆಂಡಾ ಬಾಯಿ. 'ಹಿಡಿಕೆ ಎಳ್ದೇ ಇಡುವ. ಕರಗಿತಲ್ಲ.'

ಸಭಿಕರೇ, ಎಷ್ಟೋ ಮಕ್ಕಳಿಗೆ ಬೇಡ ಎನ್ನಲು ಕಲಿಸಿದ ಬ್ರೆಂಡಾ ಬಾಯಿ ಹಾಗೆ ಕೇಳಿದರು. ಅವರ ದನಿ ನಮ್ಮ ಮನೆಯ ಮಕ್ಕಳು ಐಸ್‌ಕ್ರೀಮಿಗೆ ಕೇಳುವ ದನಿಯಂತಿತ್ತು. ಬಾಯಿ, ನೀವು ಕೋಪ ಮಾಡಿಕೊಳ್ಳಬಾರದು, ನಾನು ಹೇಳಿಬಿಡುತ್ತೇನೆ. ಆ ಕ್ಷಣದಲ್ಲಿ ನನಗೆ ನಿಮ್ಮ ಮೇಲಿನ ಗೌರವ ಒಂದು ಹಿಡಿ ಹೆಚ್ಚಾಯಿತು. ಬೇಡ ಎನ್ನುವುದು ನಿಮಗೂ ಸುಲಭವಾಗಿರಲಿಲ್ಲ ಎಂದು ಅಷ್ಟು ವರ್ಷದಲ್ಲಿ ನಮಗೆ ಗೊತ್ತಾಗಲು ನೀವು ಬಿಟ್ಟಿರಲಿಲ್ಲ.

ಯಶ್ಮಿತಾ ಹೆಡ್‌ಸೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, 'ಮ್ಯಾಮ್, ನಿಮ್ಮ ಜಾಗದಲ್ಲಿ ನಾನಿದ್ರೆ, ನೀವು ನನ್ನನ್ನು ಬಿಡ್ತಿದ್ರಾ?' ಎಂದಳು.

ಬ್ರೆಂಡಾ ಬಾಯಿ ಸಮುದ್ರದ ಕಡೆ ನೋಡಿದರು. 'ಇಲ್ಲ' ಎಂದರು.

'ಹಾಗಾದ್ರೆ ನಾನು ಹೇಗೆ ಬಿಡುದು?' ಎಂದು ನನ್ನ ಮಗಳು ಅಳುತ್ತಾ ಕೇಳಿದಳು.

ಅವರು ಇಳಿದರು. ರೆಕ್ಕೆಯನ್ನು, ಮನೆಯ ಹಸುವಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿದರು. ನನ್ನ ಹತ್ತಿರ ಬಂದು, ಕಣ್ಣು ಒರೆಸಿಕೊಂಡು, 'ಅಣ್ಣ, ಖಲಾಸ್. ನನ್ನ ಕೆಲಸ ಮುಗೀತು. ಇನ್ನು ಇವಳಿಗೆ ಹೇಳಿಕೊಡ್ಲಿಕ್ಕೆ ನನ್ನ ಹತ್ರ ಎಂತದ್ದೂ ಇಲ್ಲ' ಎಂದರು.

ಪರದೆ ಖಾಲಿ ಇರುವುದು ಇದಕ್ಕೆ. ಬೆಳಿಗ್ಗೆಯಿಂದ ಸಮಿತಿಯ ಕೆಲವರು ನನ್ನ ಮಗಳ ಮೇಲೆ ಮುನಿಸಿಕೊಂಡಿದ್ದಾರೆ. ಗುರುವಿನ ಕೊನೆಯ ಆಸೆ ಕೆಡಿಸಿದಳು, ಕಾರ್ಯಕ್ರಮ ಕೆಡಿಸಿದಳು ಎಂದು. ಅದಕ್ಕೇ ಅವಳು ಹಿಂದಿನ ಸಾಲಿನಲ್ಲಿ ಅಡಗಿ ಕುಳಿತಿರುವುದು. ಯಶ್ಮಿತಾ, ಇಲ್ಲಿ ಬಾ. ವೇದಿಕೆಗೆ ಬಾ ಮಗಾ. ಬೆಳಗಿನ ಮಲ್ಲಿಗೆ ಮಾಲೆ ಇಗೋ ಇಲ್ಲಿದೆ, ಸ್ವಲ್ಪ ಬಾಡಿದೆ. ಸಮಿತಿಯವರು ತಂದ ಗಂಧದ ಹಾರ ಆಮೇಲೆ ಹಾಕಲಿ. ಮೊದಲು ಇದನ್ನು ನಿನ್ನ ಮ್ಯಾಮ್‌ಗೆ ನೀನೇ ಹಾಕು.

ಸಭಿಕರೇ, ಈ ಭಾಷಣಕ್ಕೆ ನೀವು ಚಪ್ಪಾಳೆ ತಟ್ಟುವುದು ಬೇಡ. ನಾನು ಒಮ್ಮೆ ತಟ್ಟಬಾರದ ಹೊತ್ತಿನಲ್ಲಿ ತಟ್ಟಿದವನು. ಇವತ್ತು ಬೆಳಿಗ್ಗೆ ನಮ್ಮ ಕ್ಲಬ್ಬಿನಲ್ಲಿ ಒಂದು ಪುಟ್ಟ ವಿಮಾನ ಮೇಲೇರಲಿಲ್ಲ. ಅದರಲ್ಲಿ ಕುಳಿತಿದ್ದ ಇಬ್ಬರೂ ಈಗ ನಿಮ್ಮ ಕಣ್ಣೆದುರು ನೆಲದ ಮೇಲೆ ನಿಂತಿದ್ದಾರೆ. ತಟ್ಟುವುದಿದ್ದರೆ ಅದಕ್ಕೆ ತಟ್ಟಿ, ಎದ್ದು ನಿಂತು ತಟ್ಟಿ.

ಕೇಳಿಸಿತೇ ಬಾಯಿ?

ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ಸಹಿಸಿದ ಡ್ಯಾರೆಲ್‌ಗೆ, ಆ ದಿನ ಕಾರಿನ ಬಾಗಿಲು ತೆರೆದ ವಸಂತಿಗೆ, ಎದ್ದು ನಿಂತ ನಿಮ್ಮೆಲ್ಲರಿಗೆ ನಾನು ಋಣಿ. ಬ್ರೆಂಡಾ ಬಾಯಿ, ಸುಖವಾಗಿ ಹೋಗಿ ಬನ್ನಿ. ಎಲ್ಲರಿಗೂ ನಮಸ್ಕಾರ.